ಹಾಫ್‌ಕಿನ್ ಸಾಹೇಬರ ಸೂಜಿ

ಪಲ್ಸ್ ಪೋಲಿಯೊ ಶುರುವಾದ ಮೊದಮೊದಲ ವರ್ಷಗಳ ಮಾತು. 1995ರ ಡಿಸೆಂಬರಿನಲ್ಲಿ ದೇಶದಾದ್ಯಂತ ಮೊದಲ ಸುತ್ತು ನಡೆದಿತ್ತು. ಅದಾದ ಮೇಲಿನ ಒಂದು ಸುತ್ತಿಗೆ ನಮ್ಮ ಅಕ್ಕಲಕೋಟ ಸೀಮೆಯ ಮಾರ್ಕೆಟ್ ಯಾರ್ಡಿನಲ್ಲೂ ಒಂದು ಬೂತ್ ಹಾಕಿದ್ದರು. ಟೇಬಲ್ಲು ಅಡತಿ ಅಂಗಡಿಯದು, ಪೆಂಡಾಲು ವರ್ತಕರು ಕೊಟ್ಟದ್ದು, ಬ್ಯಾನರು ಮತ್ತು ಟೊಪ್ಪಿಗೆ ರೋಟರಿಯವರದು, ಔಷಧವೂ ನರ್ಸಬಾಯಿಯೂ ಸರಕಾರದವರು. ನನ್ನ ಪಾಲಿಗೆ ಬಂದದ್ದು ಐಸ್ ಡಬ್ಬಿ ಕಾಯುವ ಕೆಲಸ. ಮುಚ್ಚಳ ಸುಮ್ಮಸುಮ್ಮನೆ ತೆಗೆಯಬಾರದು, ಬಿಸಿಲು ತಾಗಬಾರದು, ಇಷ್ಟೇ.

ಕೆಲಸ ಸಣ್ಣದಾದರೂ ನನಗದು ಸಣ್ಣದೆನಿಸಲಿಲ್ಲ. ನನ್ನ ತಮ್ಮ ಎರಡು ವರ್ಷದವನಿದ್ದಾಗ ಮೂರು ದಿನ ಜ್ವರ ಬಂದು ಅವನ ಬಲಗಾಲು ಸೋತುಹೋಯಿತು. ಅದು 1966ನೇ ಇಸವಿ. ಆಗ ನಮ್ಮ ಹಳ್ಳಿ ಕಡೆ ಪೋಲಿಯೊ ಹನಿ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಕಂಡ ಕಂಡ ದೇವರಿಗೆ ಹರಕೆ ಹೊತ್ತಳು, ಅಪ್ಪ ಸೊಲ್ಲಾಪುರಕ್ಕೆ ಹೊತ್ತುಕೊಂಡು ತಿರುಗಿದ, ಕಾಲು ಮಾತ್ರ ತಿರುಗಿ ಬರಲಿಲ್ಲ. ಅದೇ ತಮ್ಮ ಆ ದಿನ ಕೋಲೂರಿಕೊಂಡು ತನ್ನ ಮಗಳನ್ನು ಬೂತಿಗೆ ಕರೆತಂದ. ಹನಿ ಹಾಕುವ ಮುಂಚೆ ನರ್ಸಬಾಯಿ ಕೈಗೆ ಕೊಟ್ಟ ಬಾಟ್ಲಿ ತಿರುಗಿಸಿ ನೋಡಿದೆ. ಲೇಬಲ್ಲಿನ ಮೇಲೆ ಹಾಫ್‌ಕಿನ್ ಅಂತ ಇತ್ತು.

ಆ ಹೆಸರು ನಾನು ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಅಜ್ಜಿ ಪಿಳೇಗಿನ ಕಾಲದವಳು. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಹಾಸಿಗೆ ಸುತ್ತಿ, ದನ ಹೊಡಕೊಂಡು ಹೊಲದಾಗ ಜೋಪಡಿ ಹಾಕಿ ಇರುತ್ತಿದ್ದರಂತೆ. ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ಅವಳ ಕಾಕಾ ಒಬ್ಬರು ಹಾಫ್‌ಕಿನ್ ಸಾಹೇಬರ ಸೂಜಿ ಮಾಡಿಸಿಕೊಂಡು ಬಂದು, ತೋಳು ಬಾತು ಮೂರು ದಿನ ಜ್ವರದಲ್ಲಿ ಮಲಗಿದರಂತೆ. ಊರವರೆಲ್ಲ ಅವರನ್ನು ನೋಡಿ ನಕ್ಕರು. ಆ ಮಳಿಗಾಲದ ನಂತರ ಬ್ಯಾನಿ ಬಂತು, ನಕ್ಕವರಲ್ಲಿ ಕೆಲವರು ಉಳಿಯಲಿಲ್ಲ, ಕಾಕಾ ಉಳಿದರು. ಅಜ್ಜಿ ಇಷ್ಟೇ ಹೇಳುತ್ತಿದ್ದಳು. ಸಾಹೇಬ ಅಂದರೆ ಇಂಗ್ರೇಜಿಯವನು ಅಂತಲೇ ನಾನೂ ತಿಳಿದಿದ್ದೆ.

ಬೂತಿನ ಆ ದಿನದಿಂದ ಅವರ ಬಗ್ಗೆ ಸಿಕ್ಕಷ್ಟು ಓದುತ್ತ ಬಂದೆ. ಮರಾಠಿಯಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು, ಮಗಳ ಸಹಾಯದಿಂದ ಇಂಗ್ಲಿಷಿನಲ್ಲಿ ಒಂದಿಷ್ಟು. ಅವರು ಇಂಗ್ರೇಜಿಯವರೇ ಅಲ್ಲ. ಈಗಿನ ಉಕ್ರೇನಿನಲ್ಲಿರುವ, ಆಗ ರಷ್ಯದ ಝಾರ್ ಆಳುತ್ತಿದ್ದ ಕಪ್ಪು ಸಮುದ್ರದ ಬಂದರು ಒಡೆಸ್ಸಾದಲ್ಲಿ 1860ರ ಮಾರ್ಚಿ 15ರಂದು ಹುಟ್ಟಿದ ಯಹೂದಿ. ಪೂರ್ತಿ ಹೆಸರು ವಾಲ್ಡೆಮಾರ್ ಮೊರ್ದೆಖಾಯ್ ಹಾಫ್‌ಕಿನ್. ಮನೆತನ ಶ್ರೀಮಂತವಲ್ಲ. ಬೆರ್ದ್ಯಾನ್ಸ್ಕ್ ಎಂಬ ಸಣ್ಣ ಬಂದರು ಊರಿನಲ್ಲಿ ಶಾಲೆ ಕಲಿತು, ಒಡೆಸ್ಸಾ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಇಲ್ಯಾ ಮೆಚ್ನಿಕೊವ್, ಮುಂದೆ ನೊಬೆಲ್ ಬಹುಮಾನ ಪಡೆದ ದೊಡ್ಡ ವಿಜ್ಞಾನಿ.

ಓದುವ ಹುಡುಗನ ಮೈಯಲ್ಲಿ ಬರೀ ವಿದ್ಯೆಯ ಹುಚ್ಚಿರಲಿಲ್ಲ. 1881ರಲ್ಲಿ ಝಾರನ ಕೊಲೆಯಾಗಿ, ರಷ್ಯದ ಊರೂರಿನಲ್ಲಿ ಯಹೂದಿಗಳ ಮನೆ ಅಂಗಡಿ ಲೂಟಿಯಾದಾಗ, ಇವರು ತಮ್ಮ ಓಣಿ ಕಾಯಲು ಹುಡುಗರ ಗುಂಪು ಕಟ್ಟಿಕೊಂಡು ನಿಂತರು. ಜೈಲು ಸೇರಿದರು. ಗುರು ಮೆಚ್ನಿಕೊವ್ ನಡುವೆ ಬಂದು ಬಿಡಿಸಬೇಕಾಯಿತು. ಕ್ರಾಂತಿಕಾರಿಗಳ ಸಂಗ ಇದೆಯೆಂದು ಪೊಲೀಸರ ಕಣ್ಣು ಸದಾ ಇವರ ಮೇಲೆ. ಡಿಗ್ರಿ ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಬೇಕಾದರೆ ಕ್ರೈಸ್ತರಾಗಬೇಕಿತ್ತು. ಇವರು ಒಲ್ಲೆನೆಂದರು. ಹಾಗಾಗಿ ಪ್ರಾಣಿಶಾಸ್ತ್ರದ ಮ್ಯೂಜಿಯಂನಲ್ಲಿ ಸಣ್ಣ ಹುದ್ದೆಯಲ್ಲಿ 1888ರ ವರೆಗೆ ದಿನ ತಳ್ಳಿದರು.

ಆ ವರ್ಷ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸಿಗೆ. ಲೂಯಿ ಪಾಶ್ಚರರ ಹೆಸರಿನ ಹೊಸ ಸಂಸ್ಥೆ ಅಲ್ಲಿ ಆಗತಾನೆ ಎದ್ದಿತ್ತು, ಮೆಚ್ನಿಕೊವ್ ಕೂಡ ಅಲ್ಲಿಗೇ ಬಂದಿದ್ದರು. ಆದರೆ ಖಾಲಿ ಇದ್ದ ಕೆಲಸ ಪ್ರಯೋಗಶಾಲೆಯಲ್ಲಲ್ಲ, ಗ್ರಂಥಾಲಯದಲ್ಲಿ. ಪುಸ್ತಕ ಜೋಡಿಸುತ್ತ, ಬಿಡುವಿನಲ್ಲಿ ಪ್ರಯೋಗ ಮಾಡುತ್ತ ಇದ್ದ ಈ ಗುಮಾಸ್ತ 1892ರಲ್ಲಿ ಕಾಲರಾಕ್ಕೆ ಲಸಿಕೆ ಸಿದ್ಧ ಮಾಡಿದರು. ಜುಲೈ 18ರಂದು ತಮ್ಮ ಮೈಗೇ ಮೊದಲು ಚುಚ್ಚಿಕೊಂಡರು. ಆಮೇಲೆ ಮೂವರು ರಷ್ಯನ್ ಗೆಳೆಯರಿಗೆ. ಜ್ವರ ಬಂತು, ಇಳಿಯಿತು, ಮತ್ತೇನೂ ಆಗಲಿಲ್ಲ. ಆ ವರ್ಷ ರಷ್ಯದಲ್ಲಿ ಕಾಲರಾ ಹೊಡೆತಕ್ಕೆ ಜನ ಸಾಯುತ್ತಿದ್ದರೂ, ಜೈಲು ಕಂಡ ಈ ಯಹೂದಿಯ ಔಷಧ ಅಲ್ಲಿನ ಸರಕಾರಕ್ಕೆ ಬೇಡವಾಯಿತು.

ಭಾರತಕ್ಕೆ ಅವರು ಬರುವಂತಾದದ್ದು ಒಬ್ಬ ಮನುಷ್ಯನಿಂದ. ಹಿಂದೆ ಇಲ್ಲಿ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿ. ಕಾಲರಾದ ತವರುಮನೆ ಬಂಗಾಲ, ಅಲ್ಲಿಗೇ ಹೋಗು ಅಂತ ಅವರೇ ಹಾದಿ ಮಾಡಿಕೊಟ್ಟರು. 1893ರ ಮಾರ್ಚಿಯಲ್ಲಿ ಹಾಫ್‌ಕಿನ್ ಕಲಕತ್ತೆಯಲ್ಲಿ ಇಳಿದರು. ಗಮನಿಸಿ, ಸರಕಾರಿ ನೌಕರರಾಗಿ ಅವರು ಬಂದವರಲ್ಲ. ಸರಕಾರ ಕೊಟ್ಟದ್ದು ಪರವಾನಿಗೆ ಮಾತ್ರ. ಯಾರಿಗೂ ಜುಲುಮೆಯಿಂದ ಸೂಜಿ ಮಾಡುವಂತಿಲ್ಲ, ಒಪ್ಪಿದವರಿಗಷ್ಟೇ. ಇದು ಸರಕಾರದ ಕಟ್ಟಳೆಯೂ ಹೌದು, ಅವರ ಸ್ವಂತ ನಿಯಮವೂ ಹೌದು.

ಒಪ್ಪಿಸುವುದು ಸುಲಭವಿರಲಿಲ್ಲ. ಕಲಕತ್ತೆಯ ಬಸ್ತಿಗಳಲ್ಲಿ ಕಲ್ಲು ತೂರಿದರು. ಆಗ ಹಾಫ್‌ಕಿನ್ ಅಂಗಿ ಸರಿಸಿ ಎಲ್ಲರ ಎದುರು ತಾವೇ ಚುಚ್ಚಿಸಿಕೊಂಡರು. ಜೊತೆಗಿದ್ದ ಬಂಗಾಲಿ ಡಾಕ್ಟರರು ಅವರದೇ ಮಾತಿನಲ್ಲಿ ತಿಳಿಸಿ ಹೇಳಿದರು. ಜನ ಮೆಲ್ಲಗೆ ಸಾಲು ನಿಂತರು. 1894ರ ಮಾರ್ಚಿಯಲ್ಲಿ ಕಟ್ಟಲ್ ಬಗಾನ್ ಎಂಬ ಬಸ್ತಿಯ ಸುಮಾರು 200 ಜನರಲ್ಲಿ 116 ಮಂದಿ ಸೂಜಿ ಮಾಡಿಸಿಕೊಂಡರು. ಮುಂದೆ ಅಲ್ಲಿ 10 ಜನರಿಗೆ ಕಾಲರಾ ಬಂತು, 7 ಜನ ಸತ್ತರು. ಹತ್ತಕ್ಕೆ ಹತ್ತೂ ಸೂಜಿ ಬೇಡವೆಂದವರೇ. ಈ ಸುದ್ದಿ ಹಬ್ಬಿದ ಮೇಲೆ ಆಸಾಮಿನ ಚಹಾ ತೋಟದ ಮಾಲೀಕರು ತಾವಾಗಿ ಕರೆ ಕಳಿಸಿದರು. ಮಾಲೀಕರಿಗೆ ಕೂಲಿಯಾಳು ಸತ್ತರೆ ಹಂಗಾಮು ಕೆಡುತ್ತದೆ ಎಂಬ ಲೆಕ್ಕ ಇದ್ದೀತು, ಇರಲಿ. ಲೆಕ್ಕದ ನೆವದಿಂದಲಾದರೂ ಕೂಲಿಯ ಜೀವ ಉಳಿಯಿತಲ್ಲ. ಎರಡೂವರೆ ವರ್ಷದಲ್ಲಿ 40 ಸಾವಿರಕ್ಕೂ ಮಿಕ್ಕಿ ಜನಕ್ಕೆ ಸೂಜಿ ಮಾಡಿ, ಮಲೇರಿಯಾ ಅಂಟಿಸಿಕೊಂಡು, 1895ರಲ್ಲಿ ಅವರು ವಿಲಾಯತಿಗೆ ಹೋದರು. ಮರುವರ್ಷ ಮತ್ತೆ ಬಂದರು.

1896ರ ಶರದೃತುವಿನಲ್ಲಿ ಮುಂಬಯಿಯ ಮಾಂಡವಿ ಬಂದರದ ದಕ್ಕೆಯ ಓಣಿಗಳಲ್ಲಿ ಪ್ಲೇಗು ಕಾಣಿಸಿತು. ಗೋದಾಮಿನ ಕಾಳಿನ ಚೀಲ, ಚೀಲದಾಗ ಇಲಿ. ವ್ಯಾಪಾರಸ್ಥರಾದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು, ಬ್ಯಾನಿಯೂ ಅವರ ಹಿಂದೆಯೇ ರೈಲು ಹತ್ತಿತು. ಸರಕಾರ ಹಾಫ್‌ಕಿನ್ನರನ್ನು ಕಲಕತ್ತೆಯಿಂದ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ವರಾಂಡ, ಒಬ್ಬ ಗುಮಾಸ್ತ, ಮೂವರು ಪ್ಯೂನರು. ಇಷ್ಟೇ ಬಂಡವಾಳ.

ಇಲ್ಲಿಯ ಕೆಲಸದ ವಿವರ ನನಗೆ ಬಹಳ ಹಿಡಿಸಿತು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ರೋಗದ ಅಣುಜೀವಿ ಬೆಳೆಸಲು ಮಾಂಸದ ಸಾರು ಬೇಕು. ದನದ ಮಾಂಸ ಬಳಸಿದರೆ ಹಿಂದೂಗಳು, ಹಂದಿಯದಾದರೆ ಮುಸಲ್ಮಾನರು ಹತ್ತಿರ ಬರುವುದಿಲ್ಲ. ಅದನ್ನು ತಿಳಿದು ಅವರು ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ತುಪ್ಪದ ಇಲ್ಲವೇ ಕೊಬ್ಬರಿ ಎಣ್ಣೆಯ ಹನಿ ತೇಲಬಿಟ್ಟರು. ಪ್ಲೇಗಿನ ಅಣುಜೀವಿ ಆ ಹನಿಗೆ ಜೋತುಬಿದ್ದು ಆಲದ ಬಿಳಲಿನ ಹಾಗೆ ಕೆಳಗೆ ಇಳಿಯುತ್ತ ಬೆಳೆಯುತ್ತಿತ್ತು. ಆಗಾಗ ಅಲುಗಾಡಿಸಿದರೆ ಬಿಳಲು ಉದುರಿ ತಳ ಸೇರುತ್ತಿತ್ತು, ಮತ್ತೆ ಹೊಸದು ಇಳಿಯುತ್ತಿತ್ತು. ಹೀಗೆ ವಾರಗಟ್ಟಲೆ ಬೆಳೆಸಿ, ಕಾಯಿಸಿ ಸಾಯಿಸಿ, ಕೆಡದಂತೆ ಒಂದಿಷ್ಟು ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ತಯಾರು. ಹಾಲು ಹೆಪ್ಪು ಹಾಕಿ ಕಾಯುವ ಹೆಂಗಸಿನ ತಾಳ್ಮೆ ಬೇಕಿತ್ತು ಇದಕ್ಕೆ. ಮೂರು ತಿಂಗಳಲ್ಲಿ, ಅಂದರೆ 1897ರ ಜನವರಿ 10ಕ್ಕೆ, ಮತ್ತೆ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅದೂ ಮುಂದೆ ಜನರಿಗೆ ಕೊಟ್ಟ ಪ್ರಮಾಣದ ಹಲವು ಪಟ್ಟು. ಅದೇ ತಿಂಗಳ ಕೊನೆಗೆ ಬೈಕುಳಾ ಜೈಲಿನಲ್ಲಿ ಪ್ಲೇಗು ನುಗ್ಗಿತು. ಕೈದಿಗಳಲ್ಲಿ ಸುಮಾರು ಅರ್ಧ ಮಂದಿ ಮುಂದೆ ಬಂದರು. ಚುಚ್ಚಿಸಿಕೊಳ್ಳುವ ಮೊದಲೇ ಬ್ಯಾನಿ ಹೊಕ್ಕಿದ್ದವರನ್ನು ಬಿಟ್ಟರೆ, ಸೂಜಿಯಾದವರಲ್ಲಿ ಸಾವಾಗಲಿಲ್ಲ. ಆಗದವರಲ್ಲಿ ಆರು ಜನ ಸತ್ತರು.

ಆದರೆ ಜೈಲು ಬೇರೆ, ಊರು ಬೇರೆ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಸೋಲ್ಜರರು ಮನೆ ಹೊಕ್ಕು ಶೋಧ ಮಾಡಿದರು, ಹೆಂಗಸರನ್ನು ಬೀದಿಗೆ ಎಳೆದು ತಪಾಸಣೆ ಮಾಡಿದರು, ಸಾಮಾನು ಸುಟ್ಟರು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನಿಗೆ ಚಾಫೇಕರ ಸಹೋದರರು ಆ ಜೂನ್ 22ರ ರಾತ್ರಿ ಗುಂಡಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಸರಕಾರದ ಕೈಯಿಂದ ಏನು ಬಂದರೂ ಜನ ಹೆದರುತ್ತಿದ್ದ ಕಾಲ ಅದು. ಸೂಜಿಯೂ ಸರಕಾರದ್ದೇ ಎಂದು ತಿಳಿದರೆ ಮುಗಿದಹೋಯಿತು.

ಇಂಥ ಹೊತ್ತಿನಲ್ಲಿ ಹಾಫ್‌ಕಿನ್ನರ ಪರ ನಿಂತವರು ಖೋಜಾ ಇಸ್ಮಾಯಿಲಿ ಜನಾಂಗದ ಧರ್ಮಗುರು, ಮೂರನೆಯ ಆಗಾ ಖಾನರು. ವಯಸ್ಸು ಇಪ್ಪತ್ತು ಕೂಡ ತುಂಬಿರಲಿಲ್ಲ. ತಮ್ಮ ಜನರ ಎದುರು ಒಂದಲ್ಲ, ಹಲವು ಸಲ ಸೂಜಿ ಮಾಡಿಸಿಕೊಂಡರು. ಹೇಗೂ ನನಗೆ ಏನೂ ಆಗಿಲ್ಲ ನೋಡಿ ಎಂದು ತೋರಿಸುವುದೇ ಅದರ ಉದ್ದೇಶ. ಸಾಲದೆಂದು ಮುಂಬಯಿಯಲ್ಲಿದ್ದ ತಮ್ಮ ಖುಸ್ರು ಲಾಜ್ ಎಂಬ ದೊಡ್ಡ ಬಂಗಲೆಯನ್ನೇ ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. ಮುಂಬಯಿಯ ಖೋಜಾ ಜನರಲ್ಲಿ ಸುಮಾರು ಅರ್ಧದಷ್ಟು, ಅಂದರೆ ಹತ್ತು ಸಾವಿರದ ಆಸುಪಾಸು ಜನ ಮಕ್ಕಳು ಮರಿಗಳ ಸಮೇತ ಬಂದು ಚುಚ್ಚಿಸಿಕೊಂಡರು. ಸರಕಾರ ಪರವಾನಿಗೆ, ಡಾಕ್ಟರರು, ರೈಲು, ಅಂಚೆ ಕೊಟ್ಟಿತು. ಆದರೆ ಮನೆಯ ಬಾಗಿಲು ತೆರೆಸಿದ್ದು ಜನಾಂಗದ ಹಿರಿಯರ ಮಾತು. ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಹಾಫ್‌ಕಿನ್ನರ ಬಾಟ್ಲಿಗಳು ಕಪಾಟಿನಲ್ಲೇ ಕೊಳೆಯುತ್ತಿದ್ದವು ಅಂತ ನನ್ನ ಭಾವನೆ.

ಫಲ ಎಷ್ಟು? ಪೋರ್ತುಗೀಜರ ದಮನ್ ಊರಿನಲ್ಲಿ 1897ರಲ್ಲಿ 8,230 ಜನ ಇದ್ದರು. ಸೂಜಿ ಮಾಡಿಸಿಕೊಂಡ 2,197 ಜನರಲ್ಲಿ 36 ಮಂದಿ ಸತ್ತರೆ, ಉಳಿದ 6,033 ಜನರಲ್ಲಿ 1,482 ಮಂದಿ ಸತ್ತರು. ಲೆಕ್ಕ ಬಲ್ಲವರು ತಕ್ಷಣ ಒಂದು ತಕರಾರು ತೆಗೆಯಬಹುದು. ಸೂಜಿಗೆ ಬಂದವರು ಅನುಕೂಲಸ್ಥರು, ಒಳ್ಳೇ ಮನೆಯಲ್ಲಿರುವವರು ಇದ್ದರೆ? ಈ ತಕರಾರು ಹಾಫ್‌ಕಿನ್ನರಿಗೂ ಗೊತ್ತಿತ್ತು. ಅದಕ್ಕೇ 1898ರ ಫೆಬ್ರವರಿಯಲ್ಲಿ ಬಡೋದೆ ಸಂಸ್ಥಾನದ ಉಂಢೇರಾ ಎಂಬ ಒಕ್ಕಲಿಗರ ಹಳ್ಳಿಗೆ ಹೋದರು. ಪ್ರತಿ ಕುಟುಂಬವನ್ನೂ ಸಾಲಾಗಿ ಕೂರಿಸಿ, ಗಂಡಸರು, ಹೆಂಗಸರು, ಮಕ್ಕಳು ಎಲ್ಲರಲ್ಲೂ ಅರ್ಧ ಭಾಗಕ್ಕೆ ಸೂಜಿ ಮಾಡಿ, ಅರ್ಧ ಭಾಗವನ್ನು ಬಿಟ್ಟರು. ಒಂದೇ ಮನೆ, ಒಂದೇ ರೊಟ್ಟಿ, ಒಂದೇ ನೀರು. ಆಮೇಲೆ ಪ್ಲೇಗು ಹೊಕ್ಕ ಮನೆಗಳಲ್ಲಿ ಲೆಕ್ಕ ತೆಗೆದರೆ, ಸೂಜಿಯಾದ 71 ಜನರಲ್ಲಿ 3 ಸಾವು, ಆಗದ 64 ಜನರಲ್ಲಿ 26. ಈ ಲೆಕ್ಕ ಓದಿದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಬಿಟ್ಟ ಅರ್ಧದಲ್ಲಿ ಯಾರದೋ ಮಗು, ಯಾರದೋ ಅವ್ವ ಇದ್ದಿರಬೇಕು. ಹಾಗೆ ಅರ್ಧ ಬಿಡದೆ ಜಗತ್ತು ನಂಬುತ್ತಿರಲಿಲ್ಲ ಎಂಬುದೂ ನಿಜ. ಎರಡೂ ಖರೆ.

ನಮ್ಮ ಕನ್ನಡ ಸೀಮೆಗೆ ಈ ಕಥೆ ಬರುವುದು ಹುಬ್ಬಳ್ಳಿಯಿಂದ. ರೈಲಿನ ಜಂಕ್ಷನ್ನು, ಹತ್ತಿಯ ಪೇಟೆ, ಗಿರಣಿ. ಪ್ಲೇಗಿಗೆ ಇದಕ್ಕಿಂತ ಹದವಾದ ಹೊಲ ಬೇಕೇ? 1898ರಲ್ಲಿ ಲ್ಯೂಮನ್ ಎಂಬ ಮಿಲಿಟರಿ ಡಾಕ್ಟರರು ಅಲ್ಲಿ ನಡೆಸಿದ ಕಾರ್ಯ ಇಡೀ ದೇಶದಲ್ಲೇ ದೊಡ್ಡದು. ಸುಮಾರು 50 ಸಾವಿರ ಜನರ ಊರಿನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ವರೆಗೆ ಹತ್ತಾರು ಸಾವಿರ ಜನ, ಅನೇಕರು ಎರಡೆರಡು ಸಲ, ಚುಚ್ಚಿಸಿಕೊಂಡರು. ಹತ್ತಿ ಗಿರಣಿಯ ಕೆಲಸಗಾರರ ಪಟ್ಟಿ ಇಟ್ಟು ನೋಡಿದಾಗ, ಸೂಜಿ ತಪ್ಪಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಹಲವು ಪಟ್ಟು ಹೆಚ್ಚಿದ್ದದ್ದು ಕಂಡಿತು. ಈ ಅಂಕಿಗಳನ್ನು ಹಾಫ್‌ಕಿನ್ನರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1899ರಲ್ಲಿ ಇಟ್ಟರು. ಧಾರವಾಡ, ಗದಗಿನಲ್ಲೂ ಕೆಲಸ ನಡೆಯಿತು. ಮಿಸ್ ಕಾರ್ಥಾರ್ನ್ ಎಂಬ ಲೇಡಿ ಡಾಕ್ಟರು ಆ ಭಾಗದಲ್ಲಿ ಸಾವಿರಾರು ಹೆಂಗಸರು ಮಕ್ಕಳಿಗೆ ಸೂಜಿ ಮಾಡಿದವರು. ಪರದೆ ಪಾಲಿಸುವ ಮನೆಗಳಿಗೆ ಗಂಡಸು ಡಾಕ್ಟರು ಹೋಗುವಂತಿರಲಿಲ್ಲವಲ್ಲ. ಸೂಜಿಯಾದವರಿಗೆ ಒಂದು ಚೀಟಿ ಕೊಡುತ್ತಿದ್ದರು. ಅದನ್ನು ತೋರಿಸಿದರೆ ರೈಲು ಸ್ಟೇಷನ್ನಿನಲ್ಲಿ ತಡೆಯುತ್ತಿರಲಿಲ್ಲ, ಕ್ಯಾಂಪಿಗೆ ಎಳೆದೊಯ್ಯುತ್ತಿರಲಿಲ್ಲ. ಪೇಟೆಯಿಂದ ಪೇಟೆಗೆ ತಿರುಗುವ ವರ್ತಕನಿಗೆ ಆ ಚೀಟಿ ಹುಂಡಿಗಿಂತ ಬೆಲೆಯುಳ್ಳದ್ದು. ಅದೇ ಆಗಸ್ಟಿನಲ್ಲಿ ಪ್ಲೇಗು ರೈಲು ಹಾದಿಯಲ್ಲೇ ಬೆಂಗಳೂರನ್ನು ಮುಟ್ಟಿತು. ಅಲ್ಲಿಯ ಪ್ಲೇಗಮ್ಮನ ಗುಡಿಗಳು ಆ ಕಾಲದ್ದೇ.

ಇಷ್ಟಾಗಿಯೂ ಹಾಫ್‌ಕಿನ್ ಲಸಿಕೆ ಎಲ್ಲಕ್ಕೂ ಮದ್ದಾಗಿರಲಿಲ್ಲ. ನೋವು ವಿಪರೀತ, ಜ್ವರ ಖಂಡಿತ, ರಕ್ಷಣೆ ಕೆಲವೇ ತಿಂಗಳು. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗೆ ಮೂರು ದಿನದ ಜ್ವರ ಹಗುರ ಮಾತಲ್ಲ. ನಮ್ಮ ಅಜ್ಜಿಯ ಊರವರು ನಕ್ಕದ್ದರಲ್ಲಿ ಬರೀ ಮೂಢತನ ಇತ್ತೆಂದು ನಾನು ಹೇಳಲಾರೆ.

1899ರ ಆಗಸ್ಟಿನಲ್ಲಿ ಪ್ರಯೋಗಶಾಲೆ ಖುಸ್ರು ಲಾಜಿನಿಂದ ಪರೇಲಿನ ಹಳೇ ಗವರ್ನರ್ ಬಂಗಲೆಗೆ ಹೋಯಿತು. ಹಾಫ್‌ಕಿನ್ನರೇ ಅದರ ಮುಖ್ಯಸ್ಥರು. ಅದಕ್ಕೂ ಮುಂಚೆ, 1897ರಲ್ಲಿ, ರಾಣಿ ವಿಕ್ಟೋರಿಯಾಳ ಕಡೆಯಿಂದ ಸಿ.ಐ.ಇ. ಬಿರುದು ಸಿಕ್ಕಿತ್ತು. ಮಿಲಿಟರಿ ಡಾಕ್ಟರರೇ ತುಂಬಿದ್ದ ಇಲಾಖೆಯಲ್ಲಿ, ಡಾಕ್ಟರಿಕೆ ಓದದ, ರಷ್ಯನ್ ಪ್ರಜೆಯಾಗಿ ಬಂದ ಒಬ್ಬ ಯಹೂದಿ ಅಷ್ಟು ಎತ್ತರದಲ್ಲಿ ಕೂತದ್ದು ಅನೇಕರ ಕಣ್ಣು ಕುಕ್ಕಿತ್ತು.

1902ರಲ್ಲಿ ಪಂಜಾಬ ಸರಕಾರ ಪ್ರಾಂತ್ಯಕ್ಕೆಲ್ಲ ಸೂಜಿ ಹಾಕುವ ದೊಡ್ಡ ಯೋಜನೆ ಹಾಕಿ ಲಕ್ಷಗಟ್ಟಲೆ ಡೋಸು ಕೇಳಿತು. ತುಪ್ಪದ ಹನಿಯ ಹಳೇ ಪದ್ಧತಿ ನಿಧಾನ. ಪ್ಯಾರಿಸಿನಲ್ಲಿ ಆಗಲೇ ಬಳಕೆಗೆ ಬಂದಿದ್ದ ಬೇಗದ ಪದ್ಧತಿಯನ್ನು ಹಾಫ್‌ಕಿನ್ ಹಿಡಿದರು. ಅದರಲ್ಲಿ ಕಾಯಿಸುವುದಿತ್ತು, ಕಾರ್ಬಾಲಿಕ್ ಬೆರೆಸುವುದಿರಲಿಲ್ಲ. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಸೂಜಿಯಾಯಿತು. ವಾರದೊಳಗೆ ಅವರಲ್ಲಿ 19 ಜನಕ್ಕೆ ಧನುರ್ವಾಯು ಹಿಡಿಯಿತು. ಹತ್ತೊಂಬತ್ತೂ ಜನ ಸತ್ತರು. ಎಲ್ಲರಿಗೂ ಚುಚ್ಚಿದ್ದು ಒಂದೇ ಬಾಟ್ಲಿಯಿಂದ, ನಂಬರು 53-ಎನ್. ಪರೇಲಿನಲ್ಲಿ 41 ದಿನ ಹಿಂದೆ ತುಂಬಿದ್ದು.

ಇಲ್ಲಿ ಪ್ರಶ್ನೆ ಒಂದೇ. ವಿಷ ಬಾಟ್ಲಿಯೊಳಗೆ ಹೊಕ್ಕದ್ದು ಮುಂಬಯಿಯಲ್ಲೋ, ಮುಲ್ಕೋವಾಲಿನಲ್ಲೋ? ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ಅಧ್ಯಕ್ಷತೆಯ ಆಯೋಗ, ಬಾಟ್ಲಿ ತೆರೆಯುವ ಮೊದಲೇ ಕೆಟ್ಟಿತ್ತೆಂದು ತೀರ್ಮಾನಿಸಿತು. ಹಾಫ್‌ಕಿನ್ನರನ್ನು ಸಂಬಳವಿಲ್ಲದ ರಜೆಯ ಮೇಲೆ ಇಳಿಸಿದರು. ಆದರೆ ಸಾಕ್ಷ್ಯದಲ್ಲೇ ಒಂದು ಮಾತು ಕೂತಿತ್ತು. ಹಳ್ಳಿಯಲ್ಲಿ ಆ ಬಾಟ್ಲಿಯ ಬಿರಡೆ ಕೀಳುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿ, ಸರಿಯಾಗಿ ಕಾಯಿಸದೆ, ಔಷಧದ ನೀರಿನಲ್ಲಿ ಸುಮ್ಮನೆ ಜಾಲಿಸಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಬೀಜ ಇರುವುದೇ ಮಣ್ಣಿನಲ್ಲಿ, ಸೆಗಣಿಯಲ್ಲಿ. ಕುರುಪಿ ತಾಗಿ ಗಾಯವಾದರೆ ಇವತ್ತು ಟಿ.ಟಿ. ಸೂಜಿಗೆ ಓಡುವ ರೈತರಿಗೆ ಇದು ಗೊತ್ತು. ಬಾಟ್ಲಿ 41 ದಿನ ಮೊದಲೇ ಕೆಟ್ಟಿದ್ದರೆ ತೆರೆದಾಗ ದುರ್ನಾತ ಹೊಡೆಯಬೇಕಿತ್ತು, ಹೊಡೆಯಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯವರು ಕಾಗದಪತ್ರ ಪರಿಶೀಲಿಸಿ, ತಪ್ಪು ಹಳ್ಳಿಯಲ್ಲೇ ಆಗಿರುವ ಸಂಭವ ಹೆಚ್ಚು ಎಂಬ ಕಡೆಗೆ ವಾಲಿದರು.

ಆದರೂ ಹಾಫ್‌ಕಿನ್ನರ ಹೆಸರಿಗೆ ಹತ್ತಿದ ಮಸಿ ಹೋಗಲು ಐದು ವರ್ಷ ಹಿಡಿಯಿತು. ಕೆಲಸವಿಲ್ಲದೆ, ಕಾಗದ ಬರೆಯುತ್ತ, ಲಂಡನ್ನಿನಲ್ಲಿ ಬಾಗಿಲಿಂದ ಬಾಗಿಲಿಗೆ ತಿರುಗಿದರು. ಅವರ ಪರವಾಗಿ ಎದ್ದು ನಿಂತವರು ಮಲೇರಿಯಾದ ಸೊಳ್ಳೆ ಹಿಡಿದು ನೊಬೆಲ್ ಪಡೆದ ರೊನಾಲ್ಡ್ ರಾಸ್. 1907ರ ಜುಲೈಯಲ್ಲಿ ರಾಸ್ ಸಮೇತ ಹತ್ತು ಜನ ಹೆಸರಾಂತ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು, ಆರೋಪ ರುಜುವಾತಾಗಿಲ್ಲ ಎಂದು ಸಾರಿದರು. ಪಾರ್ಲಿಮೆಂಟಿನಲ್ಲೂ ಪ್ರಶ್ನೆ ಎದ್ದಿತು. ಸರಕಾರ ಕೊನೆಗೆ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು.

ಆ ಕೆಲಸವಾದರೂ ಎಂಥಾದ್ದು? ಪರೇಲಿನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಇವರಿಗೆ ಕಲಕತ್ತೆಯಲ್ಲಿ ಸಣ್ಣ ಪ್ರಯೋಗಶಾಲೆ ಕೊಟ್ಟರು, ಲಸಿಕೆ ತಯಾರಿಸುವ ಅವಕಾಶ ಕೊಡಲಿಲ್ಲ. ನೇಗಿಲು ಹೊಡೆದ ಎತ್ತನ್ನು ಗ್ವಾದಲಿಗೆ ಕಟ್ಟಿ ಮೇವು ಹಾಕಿದ ಹಾಗಾಯಿತು. ಮೊದಲ ಮಹಾಯುದ್ಧ ಶುರುವಾದ ಹೊತ್ತಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಪ್ಯಾರಿಸಿನ ಹತ್ತಿರ ಮನೆ ಮಾಡಿದರು. ಮದುವೆಯಾಗಲಿಲ್ಲ. ಪ್ರಾಯದಲ್ಲಿ ಕ್ರಾಂತಿಕಾರಿಗಳ ಜೊತೆ ತಿರುಗಿದವರು ವಯಸ್ಸಾದಂತೆ ತಮ್ಮ ಧರ್ಮದ ಆಚಾರಕ್ಕೆ ಹೆಚ್ಚು ಹೆಚ್ಚು ಒಲಿದರು.

ಇತ್ತ ಅವರಿಲ್ಲದೆಯೂ ಪರೇಲಿನಿಂದ ಬಾಟ್ಲಿಗಳು ಹೋಗುತ್ತಲೇ ಇದ್ದವು. 1897ರಿಂದ 1925ರ ವರೆಗೆ ಅಲ್ಲಿಂದ ಹೊರಟ ಪ್ಲೇಗು ಲಸಿಕೆ 2 ಕೋಟಿ 60 ಲಕ್ಷ ಡೋಸು. ಆ 1925ರಲ್ಲೇ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಮುಲ್ಕೋವಾಲಿನ ನಂತರ ಇಪ್ಪತ್ತಮೂರು ವರ್ಷಕ್ಕೆ. ಸ್ವಾತಂತ್ರ್ಯ ಬಂದ ಮೇಲೆ, 1964ರಲ್ಲಿ, ಭಾರತದ ಅಂಚೆ ಇಲಾಖೆ ಅವರ ಚಿತ್ರದ ಸ್ಟ್ಯಾಂಪು ತಂದಿತು. ಅದೊಂದನ್ನು ನಾನು ಸೊಲ್ಲಾಪುರದ ಹಳೇ ಸ್ಟ್ಯಾಂಪಿನ ಅಂಗಡಿಯಲ್ಲಿ ಹುಡುಕಿ ಕೊಂಡೆ.

ಸಂಸ್ಥೆಯ ಔಷಧ ತಯಾರಿಕೆಯ ಭಾಗವನ್ನು 1970ರ ದಶಕದಲ್ಲಿ ಬೇರೆ ಮಾಡಿ ಮಹಾರಾಷ್ಟ್ರ ಸರಕಾರದ ಕಂಪನಿ ಮಾಡಿದರು. ನಾನು ಐಸ್ ಡಬ್ಬಿಯಲ್ಲಿ ಕಂಡ ಪೋಲಿಯೊ ಹನಿ ಅಲ್ಲಿಯದು. ಪುಣೆಯ ಪೂನಾವಾಲಾ ಮನೆತನದವರು ಕುದುರೆ ಸಾಕಿ, ವಯಸ್ಸಾದ ಕುದುರೆಗಳನ್ನು ಸೀರಂ ತೆಗೆಯಲು ಇದೇ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ನಾವೇ ಏಕೆ ಮಾಡಬಾರದು ಅಂತ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಇವತ್ತು ಜಗತ್ತಿನ ಮಕ್ಕಳಿಗೆ ಅತಿ ಹೆಚ್ಚು ಡೋಸು ತಯಾರಿಸುವ ಖಾಸಗಿ ಕಾರಖಾನೆ ಅದು. ನಮ್ಮ ತಮ್ಮನಿಗೆ ಕಾಲು ಹೋದ ಅದೇ 1966.

ನಮ್ಮ ಯಾರ್ಡಿನ ಬೂತಿನಲ್ಲೂ ಎಲ್ಲ ಸುಸೂತ್ರವಾಗಿ ಆಗಲಿಲ್ಲ. ಆ ಹನಿ ಹಾಕಿದರೆ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಎರಡು ಓಣಿಗಳಲ್ಲಿ ಹಬ್ಬಿತ್ತು. ಮಧ್ಯಾಹ್ನದ ವರೆಗೆ ಆ ಓಣಿಗಳಿಂದ ಒಂದು ಕೂಸೂ ಬರಲಿಲ್ಲ. ನರ್ಸಬಾಯಿ ಹೋಗಿ ಬಂದಳು, ತಲಾಠಿ ಹೋಗಿ ಬಂದ, ಆಗಲಿಲ್ಲ. ಕೊನೆಗೆ ಒಂದು ಓಣಿಗೆ ಮಶೀದಿಯ ಮೌಲಾನಾ, ಇನ್ನೊಂದಕ್ಕೆ ಮಠದ ಅಯ್ಯನವರು ನಡೆದರು. ಅವರ ಹಿಂದೆ ಕೋಲೂರಿಕೊಂಡು ನನ್ನ ತಮ್ಮನೂ ಹೋದ. ಅವನು ಯಾರಿಗೂ ಏನೂ ಹೇಳಲಿಲ್ಲವಂತೆ, ಕಟ್ಟೆಯ ಮೇಲೆ ಕೂತು ಧೋತರ ಸರಿಸಿ ಕಾಲು ಚಾಚಿದನಂತೆ, ಅಷ್ಟೇ. ಸಂಜೆ ಐದಕ್ಕೆ ಡಬ್ಬಿಯಲ್ಲಿ ಐಸು ಕರಗುತ್ತ ಬಂದಿತ್ತು, ಸಾಲು ಮಾತ್ರ ತೊಗರಿ ಚೀಲದ ಥಪ್ಪಿಯ ವರೆಗೆ ಬೆಳೆದಿತ್ತು. ಐಸ್‌ಕ್ಯಾಂಡಿ ಮಾರುವ ಹುಡುಗನ ಗಾಡಿಯಿಂದ ಐಸು ತಂದು ತುಂಬಿಸಿದೆವು. ದುಡ್ಡು ಅವನು ತಗೊಳ್ಳಲಿಲ್ಲ.

ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರದು. ಬಂಗಾಲದ ಹಾವಡಾ ಜಿಲ್ಲೆಯ ಒಂದು ಹೆಣ್ಣುಮಗುವಿನದು. ಹಾಫ್‌ಕಿನ್ ಕಲ್ಲೇಟು ತಿಂದ ಕಲಕತ್ತೆಯಿಂದ ನದಿ ದಾಟಿದರೆ ಹಾವಡಾ. 2014ರ ಮಾರ್ಚಿಯಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು.

ಹಾಫ್‌ಕಿನ್ ಕೊನೆಯ ಎರಡು ವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನಲ್ಲಿದ್ದರು. ಉಳಿತಾಯದ ಹಣವನ್ನೆಲ್ಲ ಪೂರ್ವ ಯುರೋಪಿನ ಯಹೂದಿ ಹುಡುಗರ ಪಾಠಶಾಲೆಗಳಿಗೆ ಒಂದು ನಿಧಿ ಮಾಡಿ ಬರೆದಿಟ್ಟರು. 1930ರ ಅಕ್ಟೋಬರ್ 26ರಂದು, ತಮ್ಮ 70ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು.